ತುಮಕೂರಿನ ಕೆಮ್ಮು ಮತ್ತು ಒಂದು ಬಾಟಲಿ ಸಿರಪ್

(ಆರೋಗ್ಯದ ಇತಿಹಾಸ ಸರಣಿ, ಭಾಗ 3. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.)

ಶೀತ, ಆಸ್ತಮಾ, ನ್ಯುಮೋನಿಯಾ, ಟಿಬಿ, ನಾಲ್ಕರಲ್ಲೂ ಕೆಮ್ಮು ಬರುತ್ತೆ. ಹಾಗಾದ್ರೆ ಎದೆ ಒಳಗೆ ಇರೋದು ಯಾವುದು ಅಂತ ಹೊರಗಿನಿಂದ ಹೇಗೆ ಗೊತ್ತಾಗಬೇಕು? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ವೈದ್ಯರಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಉತ್ತರ ಸಿಕ್ಕಿದ ಮೇಲೂ ಏನಾಯ್ತು ಅನ್ನೋದು ನಮ್ಮ ತುಮಕೂರಿನ ಕಥೆ.

ಮೊದಲು ಬಂದದ್ದು ಬೆರಳು. ಸಂತೆಯಲ್ಲಿ ಮಡಕೆ ತಟ್ಟಿ ನೋಡಿ ತಗೊಳ್ತೀವಲ್ಲ, ಅದೇ ಲೆಕ್ಕ. ಆಸ್ಟ್ರಿಯಾದ ಲಿಯೋಪೋಲ್ಡ್ ಔಎನ್‌ಬ್ರುಗರ್ ಅನ್ನೋ ವೈದ್ಯ ರೋಗಿಯ ಎದೆಯನ್ನು ಬೆರಳಿಂದ ತಟ್ಟಿ ಶಬ್ದ ಕೇಳುತ್ತಿದ್ದ. ಗಾಳಿ ಇರುವ ಕಡೆ ಟೊಳ್ಳು ಶಬ್ದ, ನೀರು ತುಂಬಿದ್ದರೆ ತೊಡೆ ತಟ್ಟಿದಂತೆ ಮಂದ ಶಬ್ದ. ಅವನ ಅಪ್ಪ ಹೋಟೆಲ್ ಇಟ್ಟಿದ್ದವನು. ಪೀಪಾಯಿಯಲ್ಲಿ ಎಷ್ಟು ಮದ್ಯ ಉಳಿದಿದೆ ಅಂತ ತಟ್ಟಿ ನೋಡುವುದನ್ನು ಕಂಡೇ ಮಗನಿಗೆ ಇದು ಹೊಳೆಯಿತು ಅಂತ ಹೇಳುತ್ತಾರೆ. 1761ರಲ್ಲಿ ಪುಸ್ತಕ ಬರೆದ. ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಅದನ್ನು ಫ್ರೆಂಚಿಗೆ ತಂದ ಮೇಲೆ ಹೆಸರು ಬಂತು. ಮರುವರ್ಷ ಔಎನ್‌ಬ್ರುಗರ್ ತೀರಿಕೊಂಡ.

ಆಮೇಲೆ 1816. ಪ್ಯಾರಿಸ್ಸಿನ ಲೆನೆಕ್ ಒಬ್ಬ ಹೆಣ್ಣುಮಗಳ ಎದೆಗೆ ಕಿವಿ ಇಡೋಕೆ ಸಂಕೋಚಪಟ್ಟು, ಕಾಗದ ಸುರುಳಿ ಸುತ್ತಿ ಅದರಿಂದ ಕೇಳಿದ. ಸ್ಟೆತಸ್ಕೋಪ್ ಹುಟ್ಟಿದ್ದೇ ಹಾಗೆ. ನ್ಯುಮೋನಿಯಾದಲ್ಲಿ ಬಿಸಿ ಬಾಣಲೆಗೆ ಉಪ್ಪು ಹಾಕಿದಂಥ ಚಿಟಪಟ, ಆಸ್ತಮಾದಲ್ಲಿ ಸೀಟಿ ಹೊಡೆದಂಥ ಸದ್ದು, ಹೀಗೆ ಎದೆಗೊಂದು ಭಾಷೆ ಬಂತು. ಆ ಭಾಷೆ ಕಲಿಸಿದ ಲೆನೆಕ್ 1826ರಲ್ಲಿ, 45ನೇ ವಯಸ್ಸಿನಲ್ಲಿ, ಸತ್ತದ್ದು ಟಿಬಿಯಿಂದ.

ಆದ್ರೆ ಟಿಬಿ ವಿಷಯದಲ್ಲಿ ಕಿವಿ ಸಾಕಾಗಲ್ಲ. ಶುರುವಿನಲ್ಲಿ ಸ್ಟೆತಸ್ಕೋಪ್‌ಗೆ ಏನೂ ಕೇಳಿಸದೇ ಇರಬಹುದು. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಟಿಬಿಯ ರೋಗಾಣುವನ್ನು ಪ್ರಕಟಿಸಿದ. ಸ್ವಲ್ಪದರಲ್ಲೇ ಕಫವನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕುವ ವಿಧಾನವೂ ಬಂತು. ಆಮ್ಲ ಹಾಕಿ ತೊಳೆದರೆ ಉಳಿದದ್ದರ ಕೆಂಪು ಹೋಗುತ್ತೆ, ಟಿಬಿ ರೋಗಾಣುವಿನದು ಹೋಗಲ್ಲ. ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳ ಹಾಗೆ ಕಾಣುತ್ತೆ. 1895ರಲ್ಲಿ ಎಕ್ಸ್-ರೇ. ಅದರಲ್ಲಿ ನೆರಳು ಕಾಣುತ್ತೆ ನಿಜ, ಆದ್ರೆ ನ್ಯುಮೋನಿಯಾದ್ದೂ ನೆರಳೇ, ಹಳೇ ಗಾಯದ ಕಲೆಯೂ ನೆರಳೇ.

ಈಗ ನಮ್ಮೂರಿಗೆ ಬರೋಣ.

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು. ಏರ್‌ಪೋರ್ಟಿಗೆ ಹೋಗೋವಾಗ ಆ ದಾರಿಯಲ್ಲಿ ಎಷ್ಟು ಸಲ ಹೋಗಿರ್ತೀವಿ, ಬೋರ್ಡ್ ಓದಿರಲ್ಲ. ಇಡೀ ದೇಶದ ಹಳ್ಳಿಗಳಿಗೆ ಹೊಂದುವಂಥ ಟಿಬಿ ಕಾರ್ಯಕ್ರಮ ರೂಪಿಸೋದು ಅದರ ಕೆಲಸ. ಅಲ್ಲಿನವರು ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಎಕ್ಸ್-ರೇ ಯಂತ್ರ ಒಯ್ದು, ಕಫ ಪರೀಕ್ಷೆ ಮಾಡಿ, ಯಾರಿಗೆ ಕಾಯಿಲೆ ಇದೆ ಅಂತ ಸಮೀಕ್ಷೆ ಮಾಡಿದರು.

ಆಗ ಬಹಳ ಜನರ ನಂಬಿಕೆ ಏನಿತ್ತು ಗೊತ್ತಾ? ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕೆಮ್ಮಿದ್ರೂ ಆಸ್ಪತ್ರೆಗೆ ಬರಲ್ಲ, ನಾವೇ ಗಾಡಿ ತಗೊಂಡು ಹೋಗಿ ಹುಡುಕಬೇಕು ಅಂತ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದನ್ನೇ ಪರೀಕ್ಷಿಸೋಕೆ ಹೊರಟರು. ಬ್ಯಾನರ್ಜಿ ವೈದ್ಯರೂ ಹೌದು, ಮಾನವಶಾಸ್ತ್ರ ಓದಿದವರೂ ಹೌದು. ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳನ್ನೇ ಮಾತಾಡಿಸಿದರು. ನಿಮಗೆ ಏನಾಗ್ತಿದೆ? ಅದಕ್ಕೆ ಏನು ಮಾಡಿದ್ರಿ?

1963ರಲ್ಲಿ ಫಲಿತಾಂಶ ಪ್ರಕಟವಾಯ್ತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುಪಾಲು ಎಲ್ಲರಿಗೂ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು! ಬಹುತೇಕರ ಕೈಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ನಮ್ಮ ಕಾಮರ್ಸ್ ಲೆಕ್ಕದಲ್ಲಿ ಹೇಳೋದಾದ್ರೆ, ಗಿರಾಕಿ ದುಡ್ಡು ಸಮಯ ಎಲ್ಲ ಖರ್ಚು ಮಾಡ್ಕೊಂಡು ಅಂಗಡಿಗೆ ಬಂದಿದ್ದ, ಕೌಂಟರ್‌ನಲ್ಲಿದ್ದವರು ಸರಿಯಾಗಿ ಕೇಳಲೇ ಇಲ್ಲ. ತಪ್ಪು ಮಾತ್ರ ಗಿರಾಕಿ ಹೆಸರಿಗೆ ಬರೆದಿದ್ದರು. ನನಗೆ ಈ ಇಡೀ ಇತಿಹಾಸದಲ್ಲಿ ಸಿಟ್ಟು ಬಂದ ಜಾಗ ಇದೇ.

ಹೀಗೆ ಬೆಂಗಳೂರಿನಲ್ಲಿ ರೂಪುಗೊಂಡ ಯೋಜನೆಯೇ 1962ರಿಂದ ದೇಶದ ಕಾರ್ಯಕ್ರಮವಾಯ್ತು: ಟಿಬಿಗೇ ಅಂತ ಬೇರೆ ಆಸ್ಪತ್ರೆಗೆ ಕಾಯಬೇಡಿ, ಕೆಮ್ಮು ಅಂತ ಯಾವುದೇ ಸರ್ಕಾರಿ ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲೇ ನೋಡಿ. ಕರೆಂಟಿಲ್ಲದ ಊರಲ್ಲೂ ಕನ್ನಡಿ ಇರುವ ಸೂಕ್ಷ್ಮದರ್ಶಕ ಕಿಟಕಿ ಬೆಳಕಿನಲ್ಲೇ ಕೆಲಸ ಮಾಡುತ್ತೆ; ಎಕ್ಸ್-ರೇ ಯಂತ್ರಕ್ಕೆ ಫಿಲ್ಮು, ಕರೆಂಟು, ರಿಪೇರಿ ಎಲ್ಲ ಬೇಕು. ಜಾರಿಯಲ್ಲಿ ಎಷ್ಟೋ ಕಡೆ ಸೊರಗಿತು, ಅದು ಬೇರೆ ಮಾತು. ಆ ತಂಡದಲ್ಲಿದ್ದ ಡೆನ್ಮಾರ್ಕಿನ ಹಾಫ್‌ಡನ್ ಮಾಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಆದರು.

ಇವತ್ತು ಕಫದಲ್ಲಿ ರೋಗಾಣುವಿನ ಜೀನ್ ಹುಡುಕುವ ಯಂತ್ರಗಳಿವೆ, ಸುಮಾರು ಎರಡು ಗಂಟೆಯಲ್ಲಿ ಉತ್ತರ ಕೊಡುತ್ತವೆ. ಕೆಮ್ಮು ಎರಡು ವಾರ ದಾಟಿದರೆ ಟಿಬಿ ಪರೀಕ್ಷೆ ಮಾಡಿಸಬೇಕು ಅನ್ನೋದು ನಿಯಮ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಾಸ್ಟೆಲ್‌ನಲ್ಲಿ ಮೂರನೇ ಬಾಟಲಿ ಸಿರಪ್ ಓಪನ್ ಮಾಡ್ತಿರೋ ರೂಮ್‌ಮೇಟ್ ಇದ್ರೆ ಈ ಪೋಸ್ಟ್ ಕಳಿಸಿ.

ಭಾಗ 4: ಟಿಬಿ ರೋಗಿಗಳನ್ನು ಮನೆಯಲ್ಲೇ ಇಟ್ಟು ಗುಣಪಡಿಸಬಹುದು ಅಂತ 1950ರ ದಶಕದಲ್ಲಿ ಮದರಾಸಿನಲ್ಲಿ ತೋರಿಸಿಕೊಟ್ಟ ಪ್ರಯೋಗ.

#ಆರೋಗ್ಯದಇತಿಹಾಸ #ತುಮಕೂರು