ಹಾಳೆಯ ಮೂಲೆಯ ಹೆಸರು

ಕಳೆದ ನವೆಂಬರಿನಲ್ಲಿ ನನ್ನ ತಂಗಿಯ ಮಗಳು ಒಂದು ಲ್ಯಾಪ್‌ಟಾಪು, ನಕ್ಷೆ ಸುತ್ತಿಟ್ಟ ಎರಡು ಉದ್ದನೆಯ ಪ್ಲಾಸ್ಟಿಕ್ ಕೊಳವೆ ಮತ್ತು ಒಂದು ಚೀಲ ಒಗೆಯದ ಬಟ್ಟೆಯೊಂದಿಗೆ ಅರಸೀಕೆರೆಯ ನಮ್ಮ ಮನೆಗೆ ಬಂದಿಳಿದಳು. ಬೆಂಗಳೂರಿನಲ್ಲಿ ಐದು ವರ್ಷ ಆರ್ಕಿಟೆಕ್ಚರ್ ಓದಿ, ಎರಡು ವರ್ಷ ಒಂದು ಕಚೇರಿಯಲ್ಲಿ ದುಡಿದು, ಈಗ ಹೊರದೇಶದಲ್ಲಿ ಮುಂದಕ್ಕೆ ಓದಲು ಅರ್ಜಿ ಹಾಕುತ್ತಿದ್ದಾಳೆ. "ದೊಡ್ಡಮ್ಮ, ಮನೇಲಿ ಕೂತ್ರೆ ಅಮ್ಮ ಮದುವೆ ಮಾತು ತೆಗೀತಾರೆ. ಹತ್ತು ದಿನ ಇಲ್ಲೇ ಇದ್ದು ಪೋರ್ಟ್‌ಫೋಲಿಯೋ ಮುಗಿಸ್ಕೊಂಡು ಹೋಗ್ತೀನಿ" ಎಂದಳು. ಇರು ಮಗಳೇ, ಅಂದೆ. ನನಗೂ ಮನೆಯಲ್ಲಿ ಒಂದು ಸದ್ದು ಬೇಕಾಗಿತ್ತು.

ಪೋರ್ಟ್‌ಫೋಲಿಯೋ ಎಂದರೆ ಏನೆಂದು ನನಗೆ ಅಷ್ಟಾಗಿ ತಿಳಿದಿರಲಿಲ್ಲ. ಬೇರೆ ಓದಿಗಾದರೆ ಅಂಕಪಟ್ಟಿ ಸಾಕು. ಈ ವಿದ್ಯೆಯವರಿಗೆ ತಾವು ಇದುವರೆಗೆ ಮಾಡಿದ ವಿನ್ಯಾಸಗಳನ್ನು ಆರಿಸಿ, ಜೋಡಿಸಿ, ಒಂದು ಪುಸ್ತಕದಂತೆ ಮಾಡಿ ಕಳಿಸಬೇಕು. ಸೀಟು ಸಿಗುವುದೂ ಬಿಡುವುದೂ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆಯಂತೆ. ಇವಳದು ಆಗ ನಲವತ್ತೆರಡು ಪುಟವಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿಟ್ಟಳು. ಮೊದಲ ಹಾಳೆ ಕಂಡೊಡನೆ ನನ್ನ ಕಣ್ಣು ಅರಳಿತು. ಒಂದು ತಾಲ್ಲೂಕು ಊರಿನ ಬಸ್ ನಿಲ್ದಾಣ ಮತ್ತು ಸಂತೆ ಮಾಳ. ಮಳೆ ನಿಂತ ಮೇಲಿನ ಸಂಜೆ ಬೆಳಕು, ನೆಲದ ನೀರಿನಲ್ಲಿ ಛಾವಣಿಯ ನೆರಳು, ಕೊಡೆ ಮಡಚುತ್ತಿರುವ ಹೆಂಗಸು.

"ಎಷ್ಟು ಚೆನ್ನಾಗಿದೆಯೇ! ನೀನೇ ಬರೆದಿದ್ದಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ಗ್ರೂಪ್ ವರ್ಕ್ ದೊಡ್ಡಮ್ಮ" ಎಂದಳು. ನಾಲ್ಕನೆಯ ವರ್ಷದಲ್ಲಿ ನಾಲ್ವರು ಸೇರಿ ಮಾಡಿದ ಕೆಲಸ. ಬಣ್ಣದ ಚಿತ್ರ ಸಹಪಾಠಿಯೊಬ್ಬಳದು. ಇವಳು ಮಾಡಿದ್ದು ಜಾಗದ ಅಳತೆ, ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಸೆಕ್ಷನ್ ನಕ್ಷೆ, ಮತ್ತು ಮರದ ಮಾದರಿ. ಅವು ಹದಿನೇಳನೆಯ ಪುಟದಲ್ಲಿ ಅಂಚೆಚೀಟಿಯಷ್ಟು ಚಿಕ್ಕದಾಗಿ ಕೂತಿದ್ದವು. ಯಾವುದು ಯಾರದೆಂದು ಎಲ್ಲಿಯೂ ಬರೆದಿರಲಿಲ್ಲ. "ನೋಡೋರು ಮೊದಲನೇ ಹಾಳೇಲೇ ನಿಂತುಬಿಡಬೇಕು. ಎಲ್ಲರೂ ಹೀಗೇ ಮಾಡೋದು" ಎಂದಳು.

ನಾನು ಏನನ್ನೂ ಹೇಳಲಿಲ್ಲ. ಹೇಳದಿರುವುದಕ್ಕೆ ಕಾರಣವಿತ್ತು. ಹಿಂದಿನ ರಾತ್ರಿ ಇದೇ ಹುಡುಗಿ ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದ್ದಳು. ಅವಳು ದುಡಿದ ಕಚೇರಿಯಲ್ಲಿ ಒಂದು ಕಟ್ಟಡದ ಮೆಟ್ಟಿಲು ಮತ್ತು ಒಳಾಂಗಳದ ನಕ್ಷೆಗಳನ್ನೆಲ್ಲ ಎಂಟು ತಿಂಗಳು ಕೂತು ಬರೆದವಳು ಇವಳು. ಆ ಕಟ್ಟಡ ಪತ್ರಿಕೆಯಲ್ಲಿ ಬಂದಾಗ ಇವಳ ಹೆಸರಿರಲಿಲ್ಲ. ಆ ನಕ್ಷೆಗಳನ್ನು ಅರ್ಜಿಗೆ ಬಳಸಿಕೊಳ್ಳಲು ಅನುಮತಿ ಕೇಳಿದರೆ ಅದೂ ಸಿಗಲಿಲ್ಲ. ತನಗಾದದ್ದನ್ನೇ ಈಗ ಇನ್ನೊಬ್ಬಳಿಗೆ ಮಾಡುತ್ತಿದ್ದೇನೆಂಬುದು ಅವಳಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಅದನ್ನು ಬದಿಗೆ ತಳ್ಳಿದ್ದಳೋ ಏನೋ.

ಇತಿಹಾಸದ ಮೇಷ್ಟ್ರುಗಳಿಗೆ ಒಂದು ಚಾಳಿ. ಎದುರಿಗಿರುವ ಮನುಷ್ಯರಿಗೆ ನೇರವಾಗಿ ಬುದ್ಧಿ ಹೇಳಲಾರದೆ ಸತ್ತವರ ಕಥೆ ಹುಡುಕಿಕೊಂಡು ಹೋಗುತ್ತೇವೆ. ಅವಳು ತಂದಿದ್ದ ಪುಸ್ತಕಗಳನ್ನು ರಾತ್ರಿ ಹೊತ್ತು ನಾನು ಓದತೊಡಗಿದೆ. ವಾಸ್ತುಶಿಲ್ಪಿಗಳು ತಮ್ಮ ಚಿತ್ರಗಳ ಕಟ್ಟು ಹಿಡಿದು ಇನ್ನೊಬ್ಬರ ಬಾಗಿಲಿಗೆ ಹೋಗುವುದು ಈಚಿನ ಪದ್ಧತಿಯೇನಲ್ಲ ಎಂದು ತಿಳಿಯಿತು.

ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ವಿಲ್ಲಾರ್ ದ ಒನೆಕೂರ್ ಎಂಬೊಬ್ಬನಿದ್ದ. ಅವನ ಚಿತ್ರಗಳ ಹೊತ್ತಿಗೆಯಲ್ಲಿ ಇಂದಿಗೆ 33 ಚರ್ಮದ ಹಾಳೆಗಳು ಉಳಿದಿವೆ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಚರ್ಚುಗಳ ಗೋಪುರ, ಕಿಟಕಿ, ನೀರಿನಿಂದ ನಡೆಯುವ ಗರಗಸ, ಕುಸ್ತಿಪಟುಗಳು, ಎಲ್ಲ ಇದೆ. ಅವನು ವಾಸ್ತುಶಿಲ್ಪಿಯೋ ಬರೀ ಕುತೂಹಲದ ಪ್ರವಾಸಿಯೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಒಂದು ಸಿಂಹದ ಚಿತ್ರ ಬರೆದು, ಇದನ್ನು ಜೀವಂತ ಸಿಂಹವನ್ನೇ ನೋಡಿ ಬರೆದದ್ದು ಎಂದು ಒತ್ತಿ ಹೇಳಿದ್ದಾನೆ. ಆ ಸಿಂಹದ ಮುಖ ನೋಡಿದರೆ ನಗು ಬರುತ್ತದೆ, ನಮ್ಮ ಜಾತ್ರೆಯ ಗೊಂಬೆಯ ಹಾಗಿದೆ. ಆದರೂ, ನಾನು ಕಂಡದ್ದು, ನನ್ನ ಕೈಯದು, ಎಂದು ಹಾಳೆಯ ಮೇಲೆ ಬರೆಯಬೇಕೆಂಬ ಆಸೆ ಎಷ್ಟು ಹಳೆಯದು ನೋಡಿ.

ಆಮೇಲೆ ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಎಂಬ ಕಲಾಶಾಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಾಸ್ತುಶಿಲ್ಪ ಕಲಿಯಲು ಜಗತ್ತಿನ ಹುಡುಗರೆಲ್ಲ ಅಲ್ಲಿಗೆ ಓಡುತ್ತಿದ್ದರು. ಅಲ್ಲಿಯ ಒಂದು ಕ್ರಮ ನನಗೆ ಬಹಳ ಹಿಡಿಸಿತು. ವಿದ್ಯಾರ್ಥಿಯನ್ನು ಒಂದು ಸಣ್ಣ ಗೂಡಿನಲ್ಲಿ ಒಂಟಿಯಾಗಿ ಕೂರಿಸಿ, ಸಮಸ್ಯೆ ಕೊಟ್ಟು, ಹನ್ನೆರಡು ಗಂಟೆಯೊಳಗೆ ಅದಕ್ಕೊಂದು ಕಚ್ಚಾ ಚಿತ್ರ ಬರೆಸುತ್ತಿದ್ದರು. ಆ ಚಿತ್ರ ಶಾಲೆಯಲ್ಲೇ ಉಳಿಯುತ್ತಿತ್ತು. ಹುಡುಗ ಅದರ ಒಂದು ಪ್ರತಿಯನ್ನು ಮಾತ್ರ ಒಯ್ಯಬಹುದು. ಮುಂದೆ ವಾರಗಟ್ಟಲೆ ಕೂತು ಅದನ್ನು ದೊಡ್ಡ ನಕ್ಷೆಯಾಗಿ ಬೆಳೆಸಬೇಕು. ಕೊನೆಯ ನಕ್ಷೆ ಎಷ್ಟೇ ಸುಂದರವಾಗಿರಲಿ, ಮೊದಲ ದಿನದ ಕಚ್ಚಾ ಚಿತ್ರದ ಮೂಲ ಕಲ್ಪನೆಗೆ ಅದು ಹೊಂದದಿದ್ದರೆ ಸ್ಪರ್ಧೆಯಿಂದ ಹೊರಗೆ. ಗೆಳೆಯರು ಬಣ್ಣ ಹಾಕಲು ಸಹಾಯ ಮಾಡಬಹುದು, ಆದರೆ ಮೂಲದ ಯೋಚನೆ ನಿನ್ನದಾಗಿರಬೇಕು. ಹಾಳೆಗಳನ್ನು ಒಯ್ಯಲು ಕೈಗಾಡಿ ಬರುತ್ತಿತ್ತು, ಮುಗಿಸಿರದ ಹುಡುಗರು ಗಾಡಿಯ ಹಿಂದೆಯೇ ಓಡುತ್ತ ಬಣ್ಣ ಹಚ್ಚುತ್ತಿದ್ದರು ಎಂದು ಹೇಳುತ್ತಾರೆ. ಗಾಡಿಗೆ ಫ್ರೆಂಚಿನಲ್ಲಿ ಶಾರೆಟ್. ಕೊನೆಗಳಿಗೆಯ ಜಾಗರಣೆಗೆ ಈ ಮಕ್ಕಳು ಇಂದಿಗೂ ಅದೇ ಹೆಸರು ಹೇಳುತ್ತಾರೆ.

ಆ ಶಾಲೆಯ ವಾಸ್ತುಶಿಲ್ಪ ವಿಭಾಗ ಸೇರಿದ ಮೊದಲ ಹೆಣ್ಣು ಅಮೆರಿಕದ ಜೂಲಿಯಾ ಮಾರ್ಗನ್. 1896ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಬಾಗಿಲು ತೆರೆದ ಮೇಲೆ ಪರೀಕ್ಷೆ ಬರೆದಳು. ತೆಗೆದುಕೊಳ್ಳುತ್ತಿದ್ದುದು ಮೂವತ್ತು ಜನರನ್ನು, ಆಕೆ 42ನೆಯವಳಾದಳು. ಎರಡನೆಯ ಸಲ ಬೇಕೆಂದೇ ಅಂಕ ಕಡಿಮೆ ಮಾಡಿದರು. ಮೂರನೆಯ ಸಲ, 1898ರಲ್ಲಿ, 13ನೆಯ ಸ್ಥಾನ ಪಡೆದು ಒಳಗೆ ಹೋದಳು, 1902ರಲ್ಲಿ ಪ್ರಮಾಣಪತ್ರ ಹಿಡಿದು ಹೊರಬಂದಳು. ಮುಂದೆ ಏಳು ನೂರಕ್ಕೂ ಹೆಚ್ಚು ಕಟ್ಟಡಗಳನ್ನು ವಿನ್ಯಾಸ ಮಾಡಿದಳಂತೆ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಚಿನ್ನದ ಪದಕವನ್ನು ಆಕೆಗೆ ಕೊಟ್ಟದ್ದು 2014ರಲ್ಲಿ, ಆಕೆ ತೀರಿಹೋಗಿ 57 ವರ್ಷವಾದ ಮೇಲೆ. ಕೊಡುವವರಿಗೆ ಅವಸರವಿರಲಿಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದವಳು ಜೂಲಿಯಾ ಅಲ್ಲ, ಅವಳದೇ ಓರಗೆಯ ಇನ್ನೊಬ್ಬಳು, ಷಿಕಾಗೋದ ಮೇರಿಯನ್ ಮಹೋನಿ. 1871ರಲ್ಲಿ ಹುಟ್ಟಿದವಳು. 1894ರಲ್ಲಿ ಎಂ.ಐ.ಟಿ.ಯಲ್ಲಿ ವಾಸ್ತುಶಿಲ್ಪ ಪದವಿ ಪಡೆದಳು. ಅಲ್ಲಿ ಆ ಪದವಿ ಪಡೆದ ಎರಡನೆಯ ಹೆಣ್ಣು. ಇಲಿನಾಯ್ ರಾಜ್ಯದಲ್ಲಿ ವಾಸ್ತುಶಿಲ್ಪಿಯಾಗಿ ಪರವಾನಗಿ ಪಡೆದ ಮೊದಲ ಹೆಣ್ಣು. 1895ರಿಂದ ಸುಮಾರು ಹದಿನಾಲ್ಕು ವರ್ಷ, ನಡುನಡುವೆ ಬಿಟ್ಟು, ಫ್ರಾಂಕ್ ಲಾಯ್ಡ್ ರೈಟ್ ಎಂಬ ಮಹಾಪ್ರತಿಭೆಯ ಕಚೇರಿಯಲ್ಲಿ ಕೆಲಸ ಮಾಡಿದಳು. ರೈಟ್ ಕಲ್ಪಿಸಿದ ಮನೆಗಳನ್ನು ಕಟ್ಟಿಸುವವರು ಮೆಚ್ಚುವಂತೆ ಚಿತ್ರಿಸುವುದು ಆಕೆಯ ಕೆಲಸ. ಜಪಾನಿನ ಮರದಚ್ಚಿನ ಚಿತ್ರಗಳ ರೀತಿಯಲ್ಲಿ, ತೆಳು ಗೆರೆಗಳಲ್ಲಿ, ಮನೆಯ ಸುತ್ತ ಮರ, ಬಳ್ಳಿ, ಹೂಗೊಂಚಲು ತುಂಬಿ ಬರೆಯುತ್ತಿದ್ದಳು. ಮನೆ ಆ ಹಸಿರಿನೊಳಗಿಂದಲೇ ಬೆಳೆದು ಬಂತೇನೋ ಎನ್ನಿಸುವಂಥ ಕೈ.

1909ರಲ್ಲಿ ರೈಟ್ ಮನೆ ಮಠ ಬಿಟ್ಟು ಯುರೋಪಿಗೆ ಹೋದ. ಬರ್ಲಿನ್ನಿನ ವಾಸ್ಮುತ್ ಎಂಬ ಪ್ರಕಾಶಕ ಆತನ ವಿನ್ಯಾಸಗಳ ದೊಡ್ಡ ಸಂಪುಟವನ್ನು 1910-11ರಲ್ಲಿ ಹೊರತಂದ. ನೂರು ದೊಡ್ಡ ಹಾಳೆಗಳು. ವಾಸ್ತುಶಿಲ್ಪದ ಇತಿಹಾಸದಲ್ಲಿ ಇದಕ್ಕಿಂತ ಹೆಸರಾದ ಪೋರ್ಟ್‌ಫೋಲಿಯೋ ಇಲ್ಲವೆನ್ನಬಹುದು. ಆಗಿನ್ನೂ ಚಿಕ್ಕ ವಯಸ್ಸಿನವರಾಗಿದ್ದ ಗ್ರೋಪಿಯಸ್, ಮೀಸ್ ಮೊದಲಾದವರ ಕಣ್ಣು ತೆರೆಸಿದ ಪುಸ್ತಕ. ಅದರ ಚಿತ್ರಗಳನ್ನು ಇಟಲಿಯಲ್ಲಿ ರೈಟ್, ಆತನ ಮಗ ಮತ್ತು ಟೇಲರ್ ವೂಲಿ ಎಂಬ ಸಹಾಯಕ ಕೂತು ಅಚ್ಚಿಗಾಗಿ ತಿದ್ದಿ ಬರೆದರು. ಆದರೆ ಅವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮೂಲವಾದದ್ದು ಮೇರಿಯನ್ ಬರೆದ ಚಿತ್ರಗಳೆಂದು ವಿದ್ವಾಂಸರು ಹೇಳುತ್ತಾರೆ. ಸಂಪುಟದ ಮೇಲಿರುವುದು ರೈಟ್ ಹೆಸರೊಂದೇ.

ರೈಟ್‌ಗೆ ಗೊತ್ತಿರಲಿಲ್ಲವೆಂದಲ್ಲ. ಡಿ ರೋಡ್ಸ್ ಎಂಬವರ ಮನೆಯ ಚಿತ್ರವೊಂದರ ಮೇಲೆ, ಇದನ್ನು ಬರೆದವಳು ಮಹೋನಿ ಎಂದು ಆತ ತನ್ನ ಕೈಯಾರೆ ಬರೆದಿದ್ದಾನೆ. ಖಾಸಗಿಯಾಗಿ ಒಪ್ಪಿಕೊಂಡದ್ದು ಮುಖಪುಟಕ್ಕೆ ಬರಲಿಲ್ಲ, ಅಷ್ಟೆ. ಮನೆಗಳ ಕಲ್ಪನೆ ರೈಟ್‌ನದೇ, ಅದನ್ನು ಯಾರೂ ಅಲ್ಲಗಳೆಯಲಾರರು. ಆ ಕಲ್ಪನೆ ಸಮುದ್ರದಾಚೆಯವರಿಗೆ ಕಂಡದ್ದು ಮಾತ್ರ ಇನ್ನೊಂದು ಕೈಯ ಮೂಲಕ. ಇನ್ನೂ ಒಂದು ಸಂಗತಿ ಇದೆ. ಆಕೆ ಕೆಲವು ಚಿತ್ರಗಳಲ್ಲಿ ಎಲೆ ಬಳ್ಳಿಗಳ ನಡುವೆ ತನ್ನ ಹೆಸರಿನ ಮೊದಲಕ್ಷರಗಳನ್ನು ಹುದುಗಿಸಿಟ್ಟಿದ್ದಳು. ಹುಡುಕಿದವರಿಗೆ ಮಾತ್ರ ಸಿಗುವಂತೆ. ಅದನ್ನು ಓದಿ ನಾನು ಪುಸ್ತಕ ಮುಚ್ಚಿ ದೀಪ ಆರಿಸಿದೆ. ಎಷ್ಟೋ ಹೊತ್ತು ನಿದ್ದೆ ಬರಲಿಲ್ಲ.

1911ರಲ್ಲಿ ಆಕೆ ವಾಲ್ಟರ್ ಬರ್ಲಿ ಗ್ರಿಫಿನ್ನನನ್ನು ಮದುವೆಯಾದಳು. ಆಸ್ಟ್ರೇಲಿಯದ ಹೊಸ ರಾಜಧಾನಿ ಕ್ಯಾನ್‌ಬೆರಾಕ್ಕೆ ಜಾಗತಿಕ ಸ್ಪರ್ಧೆ ನಡೆಯಿತು. 137 ನಕ್ಷೆಗಳು ಬಂದವು. 1912ರಲ್ಲಿ ಗೆದ್ದದ್ದು ಗ್ರಿಫಿನ್. ತೀರ್ಪುಗಾರರ ಮುಂದೆ ಇದ್ದದ್ದು ಮೇರಿಯನ್ ಬಟ್ಟೆಯ ಮೇಲೆ ಬರೆದ ಬೆಟ್ಟ, ಕಣಿವೆ, ನೀರು. ಗೆದ್ದವರೆಂದು ಹೆಸರು ಬಂದದ್ದು ಗಂಡನಿಗೆ. ಆ ಗಂಡಹೆಂಡಿರ ಕಥೆ ನಮ್ಮ ದೇಶಕ್ಕೂ ಬರುತ್ತದೆ. 1935ರಲ್ಲಿ ಲಕ್ನೋ ವಿಶ್ವವಿದ್ಯಾಲಯದ ಗ್ರಂಥಾಲಯದ ಕೆಲಸಕ್ಕೆಂದು ಗ್ರಿಫಿನ್ ಬಂದ. ಮರುವರ್ಷ ಮೇರಿಯನ್ ಬಂದು ಸೇರಿಕೊಂಡಳು. 1937ರ ಫೆಬ್ರವರಿಯಲ್ಲಿ ಆತ ಲಕ್ನೋದಲ್ಲೇ ತೀರಿಕೊಂಡ, ಸಮಾಧಿಯೂ ಅಲ್ಲಿಯೇ. ಮೇರಿಯನ್ ಮುಂದೆ ಷಿಕಾಗೋಗೆ ಮರಳಿ ಸಾವಿರಕ್ಕೂ ಹೆಚ್ಚು ಪುಟದ ಆತ್ಮಕಥೆ ಬರೆದಳು. 1961ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಯಾರೂ ಅಚ್ಚು ಹಾಕಲಿಲ್ಲ.

ಮರುದಿನ ಕಾಫಿ ಕುಡಿಯುವಾಗ ಇವಳಿಗೆ ಇದನ್ನೆಲ್ಲ ಹೇಳಿದೆ. "ಮೇರಿಯನ್ ಗೊತ್ತು ದೊಡ್ಡಮ್ಮ, ಪರೀಕ್ಷೆಗೆ ಓದಿದ್ವಿ" ಎಂದಳು. ಓದಿದ್ದರು, ಸರಿ. ಓದಿ ಬರೆದು ಅಂಕ ತೆಗೆದುಕೊಂಡ ಮೇಲೆ ನಾವೂ ಎಷ್ಟೋ ಸಂಗತಿಗಳನ್ನು ಮರೆತಿಲ್ಲವೇ!

ಭಾನುವಾರ ಇಬ್ಬರೂ ತಿಪಟೂರಿನಲ್ಲಿ ಬಸ್ಸು ಬದಲಿಸಿ ನುಗ್ಗೇಹಳ್ಳಿಗೆ ಹೋದೆವು. ಅಲ್ಲಿಯ ಲಕ್ಷ್ಮೀನರಸಿಂಹ ದೇವಸ್ಥಾನ 1246ರದು, ಹೊಯ್ಸಳ ಸೋಮೇಶ್ವರನ ಕಾಲದ್ದು. ಶಾಲೆಯ ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಮಕ್ಕಳು ಆನೆ ಎಣಿಸುತ್ತಾರೆ, ನಾನು ಮಕ್ಕಳನ್ನು ಎಣಿಸುತ್ತೇನೆ. ಈ ಸಲ ನಿಧಾನವಾಗಿ ಗೋಡೆ ಸುತ್ತಿದೆವು. ದಕ್ಷಿಣ ಮಗ್ಗುಲಿನ ವಿಗ್ರಹಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಒಂದೇ ಗುಡಿ, ಇಬ್ಬರು ಶಿಲ್ಪಿಗಳು. ವಿಗ್ರಹದ ಪೀಠದಲ್ಲಿ ಹೆಸರು ಕೆತ್ತಿದ್ದಾರೆ. ಹೊಯ್ಸಳ ಶಿಲ್ಪಿಗಳಿಗೆ ಇದರಲ್ಲಿ ಸಂಕೋಚವೇ ಇರಲಿಲ್ಲ. ಎದುರಾಳಿ ಶಿಲ್ಪಿಗಳಿಗೆ ತಾವು ಎಂಥವರೆಂದು ಸಾರುವ ಬಿರುದುಗಳನ್ನೂ ಹಾಕಿಕೊಳ್ಳುತ್ತಿದ್ದರು. ಹುಡುಗಿ ಮಂಡಿಯೂರಿ ಒಂದು ಪೀಠದ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಮ... ಲ್ಲಿ..." ಎಂದು ಕೂಡಿಸಿ ಓದಿದಳು. ಆಮೇಲೆ ಏನೂ ಮಾತಾಡಲಿಲ್ಲ. ತಿಪಟೂರಿನಲ್ಲಿ ಬಸ್ಸಿಗೆ ಕಾಯುವಾಗ ಆ ಸಹಪಾಠಿಗೆ ಫೋನು ಮಾಡಿದಳು. ನಾನು ಸ್ವಲ್ಪ ದೂರ ಹೋಗಿ ಕಡಲೆಕಾಯಿ ಕೊಳ್ಳುತ್ತ ನಿಂತೆ.

ಅಂದಿನಿಂದ ಪುಸ್ತಕದ ರೂಪವೇ ಬೇರೆಯಾಯಿತು. ನನ್ನ ಕಸುಬಿನ ಒಂದು ತಿಳಿವಳಿಕೆ ಇಲ್ಲಿ ಉಪಯೋಗಕ್ಕೆ ಬಂತೆಂದು ಜಂಬದಿಂದಲೇ ಹೇಳುತ್ತೇನೆ. ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಉತ್ತರಪತ್ರಿಕೆ ತಿದ್ದುವವರಿಗೆ ಗೊತ್ತು, ಮೂವತ್ತನೆಯ ಪತ್ರಿಕೆ ಹೊತ್ತಿಗೆ ಅಲಂಕಾರ ಕಣ್ಣಿಗೆ ಬೀಳುವುದೇ ಇಲ್ಲ. ಲೆಕ್ಕದ ಮೇಷ್ಟ್ರು ಹಂತಕ್ಕೆ ಅಂಕ ಕೊಡುತ್ತಾರೆ, ಬರೀ ಉತ್ತರಕ್ಕಲ್ಲ. ನಿನ್ನ ಹಂತ ಎಲ್ಲಿದೆ ತೋರಿಸು, ಎಂದೆ. ಪ್ಲಾಸ್ಟಿಕ್ ಕೊಳವೆಗಳಿಂದ ಮುದುಡಿದ ಟ್ರೇಸಿಂಗ್ ಹಾಳೆಗಳು ಹೊರಬಂದವು: ಸಂತೆಯಲ್ಲಿ ನಿಂತು ಅಂಗಡಿಗಳನ್ನು ಅಳೆದು ಗುರುತು ಹಾಕಿದ್ದು, ಮೂರು ಸಲ ಹೊಡೆದು ಹಾಕಿದ ಛಾವಣಿ, ಮಳೆನೀರು ಎತ್ತ ಹರಿಯುತ್ತದೆ ಎಂದು ಬಾಣ ಹಾಕಿದ್ದು. ಇವನ್ನೇಕೆ ಹಾಕಲಿಲ್ಲ ಎಂದರೆ, ಗಲೀಜಾಗಿವೆ ಎಂದಳು.

ಆ ಗಲೀಜೆಲ್ಲ ಒಳಗೆ ಬಂತು. ಒಂಬತ್ತು ವಿನ್ಯಾಸಗಳಿದ್ದದ್ದು ಐದಾಯಿತು, ನಲವತ್ತೆರಡು ಪುಟ ಇಪ್ಪತ್ತೆಂಟಕ್ಕೆ ಇಳಿಯಿತು. ಸೆಕ್ಷನ್ ನಕ್ಷೆ ಇಡೀ ಎರಡು ಪುಟ ಹಿಡಿಯಿತು. ನಕ್ಷೆಗಳಿಗೆ ಅಳತೆಪಟ್ಟಿ, ಉತ್ತರ ದಿಕ್ಕಿನ ಬಾಣ ಬಂದವು. ಕಪ್ಪು ನೆಲದ ಮೇಲೆ ಬೂದು ಬಣ್ಣದ ಇರುವೆ ಅಕ್ಷರಗಳನ್ನು ನನ್ನ ಕನ್ನಡಕದ ಮುಂದೆ ಹಿಡಿದು ಓದಿಸಿ, ಓದಲಾಗದ್ದನ್ನು ದೊಡ್ಡದು ಮಾಡಿದಳು. ಕಚೇರಿಯ ನಕ್ಷೆಗಳನ್ನು ಮುಟ್ಟಲಿಲ್ಲ. ಅಲ್ಲಿ ಮಾಡಿದ ಕೆಲಸವನ್ನು ಪರಿಚಯಪತ್ರದಲ್ಲಿ ಎರಡು ಸಾಲಿನಲ್ಲಿ ಬರೆದಳು. ಅದು ಅವಳಿಗೆ ನಷ್ಟವೇ, ನನಗೆ ಈಗಲೂ ಹೊಟ್ಟೆಯುರಿಯುತ್ತದೆ. ಗುಂಪಿನ ಕೆಲಸದ ಕೆಳಗೆ ನಾಲ್ವರ ಹೆಸರೂ, ಯಾವುದು ಯಾರ ಕೈಯದು ಎಂಬುದೂ ಬಂದವು. ಬಣ್ಣದ ಚಿತ್ರ ಸಣ್ಣದಾಗಿ, ಬರೆದವಳ ಹೆಸರಿನೊಂದಿಗೆ, ಮೂಲೆಯಲ್ಲಿ ಉಳಿಯಿತು.

ಕೊನೆಯ ದಿನ ಇನ್ನೊಂದು ಗೋಳು. ಕಡತ ಆ ವಿಶ್ವವಿದ್ಯಾಲಯ ಹೇಳಿದ ಮಿತಿಗಿಂತ ದೊಡ್ಡದಾಗಿದೆ, ಒಳಗೆ ತೆಗೆದುಕೊಳ್ಳುತ್ತಿಲ್ಲ. ರಾತ್ರಿ ಹನ್ನೊಂದು ಗಂಟೆ, ಮೇಲೆ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಒಂದು ಪುಟ ತೆಗೆಯಲೇಬೇಕು. ಕಂಪ್ಯೂಟರಿನಲ್ಲಿ ಮಾಡಿದ ಹೊಳೆಯುವ ಗಾಜಿನ ಗೋಪುರವೊಂದಿತ್ತು, ಅವಳ ಸ್ವಂತದ್ದೇ, ಅವಳಿಗೆ ಬಹಳ ಇಷ್ಟವಾದದ್ದು. ಅದನ್ನೂ ಮಳೆನೀರಿನ ಬಾಣದ ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ತುಂಬಾ ಹೊತ್ತು ನೋಡಿದಳು. ಆಮೇಲೆ ಗೋಪುರವನ್ನು ಅಳಿಸಿ, "ದೊಡ್ಡಮ್ಮ, ಹೋಯ್ತು" ಎಂದಳು. ಗೋಪುರ ಹೋಯಿತೆಂದಳೋ ಅರ್ಜಿ ಹೋಯಿತೆಂದಳೋ ನನಗೆ ತಕ್ಷಣ ತಿಳಿಯಲಿಲ್ಲ. ಎದ್ದು ಹಾಲು ಬಿಸಿಗಿಟ್ಟೆ.