ಬಾಯಿಪಾಠದ ಇಂಗ್ಲಿಷು, ಬಳಕೆಯ ಇಂಗ್ಲಿಷು

"ದಿನಾ ಪ್ರಾಕ್ಟೀಸ್ ಮಾಡಿ, ಇಂಗ್ಲಿಷ್ ತಾನಾಗೇ ಬರುತ್ತೆ." ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರೂ ಹೇಳೋ ಮಾತಿದು. ಒಪ್ಪೋಣ. ಆದರೆ ಯಾವ ಥರದ ಪ್ರಾಕ್ಟೀಸು? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಅದರಲ್ಲೊಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲೇ!

19ನೇ ಶತಮಾನದ ಯುರೋಪಿನ ಶಾಲೆಗಳಲ್ಲಿ ಪರಭಾಷೆ ಕಲಿಯೋದು ಅಂದರೆ ವ್ಯಾಕರಣ ಉರು ಹೊಡೆಯೋದು, ವಾಕ್ಯಗಳನ್ನು ಅನುವಾದ ಮಾಡೋದು. 1882ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫಿಯೆಟರ್ ಅನ್ನುವವರು ಗುಪ್ತನಾಮದಲ್ಲಿ ಒಂದು ಕಿರುಪುಸ್ತಕ ಬರೆದು, ಭಾಷಾಬೋಧನೆ ದಿಕ್ಕು ಬದಲಿಸಲೇಬೇಕು ಅಂತ ವಾದಿಸಿದರು. ಆಡುಮಾತಿಗೆ ಆಮೇಲೆ ಬೆಲೆ ಬಂತು.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕೆ ಪರಭಾಷೆ ಮಾತಾಡಬಲ್ಲವರು ತುರ್ತಾಗಿ ಬೇಕಾದರು. ಕೇಳು, ಹೇಳು, ಮತ್ತೆ ಹೇಳು – ಇದೇ ಪಾಠ. ಯುದ್ಧ ಮುಗಿದ ಮೇಲೆ ಈ ಪದ್ಧತಿ ತರಗತಿಗಳಿಗೂ ಬಂತು. ಭಾಷೆ ಅನ್ನೋದು ಒಂದು ಅಭ್ಯಾಸ, ಗಿಳಿಪಾಠ ಮಾಡಿದರೆ ನಾಲಿಗೆಗೆ ಹತ್ತುತ್ತೆ ಅನ್ನೋ ನಂಬಿಕೆ ಅದರ ಹಿಂದಿತ್ತು. 1959ರಲ್ಲಿ ನೋಮ್ ಚಾಮ್‌ಸ್ಕಿ ಈ ನಂಬಿಕೆಯ ಬುಡಕ್ಕೇ ಕೊಡಲಿ ಹಾಕಿದರು. ಹಿಂದೆಂದೂ ಕೇಳದ ವಾಕ್ಯವನ್ನೂ ನಾವು ಆಡಬಲ್ಲೆವು, ಅದು ಬರೀ ಅಭ್ಯಾಸದಿಂದ ಹೇಗೆ ಸಾಧ್ಯ?

ನಮ್ಮ ದೇಶದ ಶಾಲೆಗಳಲ್ಲೂ ಆಗ ಬೇರೆ ಬೇರೆ ಮಾದರಿಯ ವಾಕ್ಯಗಳನ್ನು ಒಂದೊಂದಾಗಿ ಹೇಳಿಸಿ ಕಲಿಸುವ ಕ್ರಮವಿತ್ತು. "ದಿಸ್ ಈಸ್ ಎ ಪೆನ್" ಅಂತ ಮೇಷ್ಟ್ರು ಪೆನ್ನು ಎತ್ತಿ ಹಿಡಿದರೆ, ಇಡೀ ಕ್ಲಾಸು ರಾಗವಾಗಿ ಅದನ್ನೇ ಹೇಳೋದು. ಅದು ಪೆನ್ನು ಅಂತ ಯಾರಿಗೆ ಗೊತ್ತಿರಲಿಲ್ಲ ಹೇಳಿ? :)

ಇದಕ್ಕೆ ಬದಲಿ ಹುಡುಕಿದವರು ಎನ್.ಎಸ್. ಪ್ರಭು. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಅವರು, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆ ಸೇರಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಪ್ರಯೋಗ ನಡೆಸಿದರು. ಅದಕ್ಕೆ ಬೆಂಗಳೂರು ಪ್ರಾಜೆಕ್ಟ್ ಅಂತಲೇ ಹೆಸರಾಯಿತು. ವ್ಯಾಕರಣದ ಪಟ್ಟಿಯೇ ಇಲ್ಲ. ರೈಲಿನ ಟೈಮ್‌ಟೇಬಲ್ಲು, ಒಂದು ನಕ್ಷೆ – ಇಂಥದ್ದನ್ನು ಕೊಟ್ಟು ಲೆಕ್ಕ ಬಿಡಿಸೋ ಹಾಗೆ ಉತ್ತರ ಹುಡುಕಿಸೋದು. ಮೊದಲು ಟೀಚರ್ ಇಡೀ ತರಗತಿಯ ಜೊತೆ ಒಂದು ಲೆಕ್ಕ ಬಿಡಿಸುತ್ತಿದ್ದರು, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಒಂದೇ ಪದದಲ್ಲಿ ಉತ್ತರ ಕೊಟ್ಟರೂ ಸರಿ. ತಪ್ಪಾದರೆ ಟೀಚರ್ ಸರಿಯಾದ ರೂಪ ಹೇಳಿ ಮುಂದೆ ಹೋಗುತ್ತಿದ್ದರು, ಅದರ ಮೇಲೊಂದು ವ್ಯಾಕರಣ ಪಾಠ ಕೊಯ್ಯುತ್ತಿರಲಿಲ್ಲ. ಮನಸ್ಸು ಅರ್ಥದ ಮೇಲಿದ್ದಾಗಲೇ ವ್ಯಾಕರಣ ಒಳಗೊಳಗೇ ಕೂಡಿಕೊಳ್ಳುತ್ತೆ ಅನ್ನೋದು ಪ್ರಭು ಅವರ ವಾದ.

ಅದು ಸ್ಪೋಕನ್ ಇಂಗ್ಲಿಷ್ ತರಗತಿ ಆಗಿರಲಿಲ್ಲ, ಫಲಿತಾಂಶದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯೂ ನಡೆಯಿತು. ಆದರೂ 1987ರಲ್ಲಿ ಪ್ರಭು ಬರೆದ ಪುಸ್ತಕದ ಮೂಲಕ ಈ ಪ್ರಯೋಗ ಲೋಕದ ಭಾಷಾಶಿಕ್ಷಕರ ಗಮನ ಸೆಳೆಯಿತು.

ಕನ್ನಡ ಮೀಡಿಯಂನಲ್ಲಿ ಓದಿದ ಎಷ್ಟೋ ಹುಡುಗರು ಇಂಟರ್‌ವ್ಯೂನಲ್ಲಿ ತಡವರಿಸೋದು ದಡ್ಡರಾಗಿ ಅಲ್ಲ. ವಾಕ್ಯ ತಪ್ಪಾದೀತು ಅನ್ನೋ ಹೆದರಿಕೆ ವಿಷಯವನ್ನೇ ನುಂಗಿಬಿಡುತ್ತೆ. ಅಂಥವರಿಗೆ ಮೂವತ್ತು ದಿನದ ಬಾಯಿಪಾಠಕ್ಕಿಂತ, ದಿನಾ ಹತ್ತು ನಿಮಿಷ ಗೆಳೆಯನಿಗೆ ದಾರಿ ಹೇಳೋದು, ಅಡುಗೆ ವಿವರಿಸೋದು, ನಿನ್ನೆಯ ಮ್ಯಾಚಿನ ಬಗ್ಗೆ ಜಗಳ ಆಡೋದು ಮೇಲು ಅಂತ ನನಗನ್ನಿಸುತ್ತೆ. ಕನ್ನಡವನ್ನು ನಾವು ಕಲಿತದ್ದೂ ಹಾಗೇ ಅಲ್ವಾ?