ಕಾಲು ಮೈಲಿಗಾಗಿ ಒಂದು ಜಗಳ



ಪಟಾನ್‌ಚೆರು ಕಡೆ ಮನೆ ಮಾಡಿರುವ ನಿಮಗೆ ಮುಂಬೈ ಹೆದ್ದಾರಿ ಹೊಸದಲ್ಲ. ಜಹೀರಾಬಾದ್ ಮೇಲೆ ಬೀದರ್‌ಗೆ, ಹುಮನಾಬಾದ್‌ಗೆ ಹೋಗುವ ದಾರಿ ಅದೇ ತಾನೆ? ಮುತ್ತಂಗಿ ಬಳಿ ಅದನ್ನು ಹೈದರಾಬಾದಿನ 158 ಕಿ.ಮೀ. ಉದ್ದದ ಹೊರ ವರ್ತುಲ ರಸ್ತೆ ಕೂಡುತ್ತದೆ. ಈ ವರ್ತುಲ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಆದರೂ 2011ರ ಸೆಪ್ಟೆಂಬರ್‌ನಲ್ಲಿ ಪುಪ್ಪಾಲಗುಡ ಹತ್ತಿರ ಇದೇ ರಸ್ತೆಯಲ್ಲಿ ಕ್ರಿಕೆಟಿಗ ಅಜರುದ್ದೀನ್ ಅವರ 19 ವರ್ಷದ ಮಗನ ಸೂಪರ್‌ಬೈಕ್ ಅಪಘಾತಕ್ಕೀಡಾಯಿತು. ಅವನೂ ಹಿಂದೆ ಕುಳಿತಿದ್ದ ಸಂಬಂಧಿ ಹುಡುಗನೂ ಉಳಿಯಲಿಲ್ಲ.

ವೇಗದ ಹುಚ್ಚಿರುವ ಹುಡುಗರನ್ನು ಬೈಯುವುದು ಸುಲಭ. ಅವರಿಗೆ ಬೀದಿ ಬಿಟ್ಟು ಬೇರೆ ಜಾಗ ಎಲ್ಲಿದೆ ಎಂದು ಕೇಳುವುದು ಕಷ್ಟ. ಆ ಪ್ರಶ್ನೆ ಅಮೆರಿಕದಲ್ಲಿ ಎಪ್ಪತ್ತು ವರ್ಷಗಳ ಹಿಂದೆಯೇ ಎದ್ದಿತ್ತು.

ಡ್ರ್ಯಾಗ್ ರೇಸ್ ಎಂದರೆ ಸರಳ ಆಟ. ನಿಂತಲ್ಲಿಂದ ಎರಡು ವಾಹನ ಹೊರಡುತ್ತವೆ. ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್, ಮೊದಲು ಮುಗಿಸಿದವರು ಗೆದ್ದಂತೆ. ಕ್ಯಾಲಿಫೋರ್ನಿಯಾದ ಹುಡುಗರು ಇದನ್ನು ಬೀದಿಯಲ್ಲೇ ಆಡುತ್ತಿದ್ದರು. ಅವರನ್ನು ಬೀದಿಯಿಂದ ಎಬ್ಬಿಸಲು ವಾಲಿ ಪಾರ್ಕ್ಸ್ 1951ರಲ್ಲಿ ಎನ್‌ಎಚ್‌ಆರ್‌ಎ ಎಂಬ ಸಂಸ್ಥೆ ಕಟ್ಟಿದರು. 1953ರಲ್ಲಿ ಪೊಮೋನಾದಲ್ಲಿ, ಪೊಲೀಸರ ಬೆಂಬಲದಿಂದಲೇ, ಅದರ ಮೊದಲ ಅಧಿಕೃತ ರೇಸ್ ನಡೆಯಿತು. ಮರುವರ್ಷ ಸಂಸ್ಥೆಯ ತಂಡವೊಂದು ಊರೂರು ತಿರುಗಿ, ಸುರಕ್ಷಿತವಾಗಿ ರೇಸ್ ನಡೆಸುವುದು ಹೇಗೆಂದು ಕ್ಲಬ್‌ಗಳಿಗೆ ಕಲಿಸಿತು.

ಆದರೆ ಕಟ್ಟಿದ ಸಂಸ್ಥೆಯೇ ಮುಂದೆ ರೇಸರ್‌ಗಳ ಎದುರು ನಿಂತಿತು. 1957ರಲ್ಲಿ ಅದು ನೈಟ್ರೋಮೀಥೇನ್ ಇಂಧನವನ್ನು ನಿಷೇಧಿಸಿ, ಪೆಟ್ರೋಲ್ ಮಾತ್ರ ಬಳಸಿ ಎಂದಿತು. ನೈಟ್ರೋದಲ್ಲೇ ಆಮ್ಲಜನಕ ಇರುವುದರಿಂದ ಎಂಜಿನ್ ಒಳಗೆ ಹೆಚ್ಚು ಇಂಧನ ಉರಿದು ಶಕ್ತಿ ಏರುತ್ತದೆ. ವೇಗ ಟ್ರ್ಯಾಕ್‌ಗಳ ಅಳತೆ ಮೀರುತ್ತಿದೆ ಎಂಬ ಆತಂಕ ಸುಳ್ಳೇನೂ ಆಗಿರಲಿಲ್ಲ.

ರೇಸರ್‌ಗಳು ಏನು ಮಾಡಿದರು ಗೊತ್ತೆ? ಬೀದಿಗೆ ಮರಳಲಿಲ್ಲ. ಬೇಕರ್ಸ್‌ಫೀಲ್ಡ್ ಊರಿನ ‘ಸ್ಮೋಕರ್ಸ್’ ಎಂಬ ಹವ್ಯಾಸಿ ಕ್ಲಬ್ 1959ರ ಮಾರ್ಚ್‌ನಲ್ಲಿ, ಹತ್ತಿರದ ಫಮೋಸೊದ ಹಳೆಯ ವಿಮಾನಪಟ್ಟಿಯಲ್ಲಿ, ನೈಟ್ರೋ ಕಾರುಗಳಿಗೆಂದೇ ತನ್ನದೊಂದು ಕೂಟ ನಡೆಸಿತು. ದೂರದ ಫ್ಲಾರಿಡಾದಿಂದ ಡಾನ್ ಗಾರ್ಲಿಟ್ಸ್ ಕೂಡ ಬಂದರು. ನಿಷೇಧದ ಹೊರಗೇ ಆಟ ಬೆಳೆಯಿತು. ಕೊನೆಗೆ 1963ರಲ್ಲಿ ಸಂಸ್ಥೆ ತನ್ನ ಪೊಮೋನಾ ಕೂಟಕ್ಕೆ ನೈಟ್ರೋ ಕಾರುಗಳನ್ನು ಬರಮಾಡಿಕೊಂಡಿತು. ಗೆದ್ದವರು ಅದೇ ಗಾರ್ಲಿಟ್ಸ್. 1964ರಲ್ಲಿ ನಿಷೇಧ ಪೂರ್ತಿ ಹೋಯಿತು.

ಕೇಳಿ ಪಡೆದ ಬದಲಾವಣೆಗೆ ಹೀಗೆ ಆರೇಳು ವರ್ಷ ಹಿಡಿಯಿತು. 2008ರ ಜೂನ್‌ನಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಲಕ ಟ್ರ್ಯಾಕ್‌ನಲ್ಲೇ ಸತ್ತಾಗ ಮಾತ್ರ, ಎರಡು ವಾರದೊಳಗೆ ನೈಟ್ರೋ ಕಾರುಗಳ ಓಟವನ್ನು 402ರಿಂದ 305 ಮೀಟರಿಗೆ ಇಳಿಸಲಾಯಿತು. ಸಾವಿಗೆ ಸಿಗುವ ಉತ್ತರ ಮಾತಿಗೂ ಅಷ್ಟೇ ಬೇಗ ಸಿಗಬಾರದೆ?

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಈ ಆಟದ ಆಡಳಿತ ಎಫ್‌ಎಂಎಸ್‌ಸಿಐ ಕೈಯಲ್ಲಿದೆ. ರಾಷ್ಟ್ರೀಯ ಬೈಕ್ ಡ್ರ್ಯಾಗ್ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ಹೇಮಂತ್ ಮುದ್ದಪ್ಪ ಅನೇಕ ಪ್ರಶಸ್ತಿ ಗೆದ್ದು ಕನ್ನಡ ನಾಡಿಗೆ ಹೆಸರು ತಂದಿದ್ದಾರೆ. ಅವರು ಗೆದ್ದದ್ದು ಹೆಚ್ಚಾಗಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ. ಪಟಾನ್‌ಚೆರುವಿನಿಂದ ಅದು 600 ಕಿ.ಮೀ.ಗೂ ದೂರ. ಸಂಬಳದಲ್ಲಿ ಉಳಿಸಿ ಬೈಕ್ ಕೊಂಡ ಹುಡುಗ ಪ್ರತಿ ಸಲ ಅಲ್ಲಿಗೆ ಹೋಗಲಾದೀತೆ? ಹಾಗೆಂದು ಇಲ್ಲಿ ಏನೂ ಆಗದು ಎನ್ನುವಂತಿಲ್ಲ. 2023ರ ಫೆಬ್ರವರಿ 11ರಂದು ಹುಸೇನ್‌ ಸಾಗರದ ದಂಡೆಯ ರಸ್ತೆಯೇ ಫಾರ್ಮುಲಾ ಇ ಟ್ರ್ಯಾಕ್ ಆಗಿತ್ತಲ್ಲ!

ಎಫ್‌ಎಂಎಸ್‌ಸಿಐ ಎಂದರೆ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ. ಗಮನಿಸಿ, ರೇಸರ್‌ಗಳ ಒಕ್ಕೂಟವಲ್ಲ. ಒಂಟಿಯಾಗಿ ಕೂಗುವವನ ದನಿ ಅಲ್ಲಿಗೆ ತಲುಪುವುದು ಕಷ್ಟ. ನಿಮ್ಮ ಮನೆಯಲ್ಲಿ ಅಂಥ ಹುಡುಗನೋ ಹುಡುಗಿಯೋ ಇದ್ದರೆ ಕೀಲಿಕೈ ಬಚ್ಚಿಟ್ಟರಷ್ಟೇ ಸಾಲದು. ಗೆಳೆಯರೊಡನೆ ಕ್ಲಬ್ ಕಟ್ಟಲಿ, ಹತ್ತಿರದಲ್ಲೊಂದು ಕಾಲು ಮೈಲಿ ಕೊಡಿ ಎಂದು ಸಹಿ ಹಾಕಿ ಬರೆಯಲಿ. ಆ ಪತ್ರಕ್ಕೆ ನಿಮ್ಮದೂ ಒಂದು ಸಹಿ ಇರಲಿ.